ಲೋಡ್ ಹಾಕಿಕೊಂಡು ದೂರ ಹೋಗಲು ಸೈಕಲ್: ಫ್ರೇಮ್ ನೋಡಬೇಕೋ, ವೀಲ್ ನೋಡಬೇಕೋ?

ದೂರದಾರಿ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಶನಿವಾರ ಹೋಗಿ ಭಾನುವಾರ ಬರುತ್ತಿದ್ದೆ. ಈಗ ವಾರಗಟ್ಟಲೆ ಹೋಗುವ ಆಸೆ. ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ, ಬಟ್ಟೆ, ನೀರು ಎಲ್ಲ ಸೇರಿ 25 ಕೆಜಿ ಆಗುತ್ತದೆ. ನನ್ನ ತೂಕ 84. ರಸ್ತೆ ಮುಕ್ಕಾಲು ಪಾಲು ಡಾಂಬರು. ಉಳಿದದ್ದು ಜಲ್ಲಿ, ಗುಂಡಿ, ಕಿತ್ತುಹೋದ ದಾರಿ.

ಎರಡು ಸೈಕಲ್ ಕಣ್ಣಿಗೆ ಬಿದ್ದಿವೆ. ಒಂದು ಹೊಸದು: ಅಲ್ಯೂಮಿನಿಯಂ ಫ್ರೇಮ್, ಡಿಸ್ಕ್ ಬ್ರೇಕ್, 700ಸಿ ಸೈಜಿನ ವೀಲು, 32 ಕಡ್ಡಿ (ಸ್ಪೋಕ್). ಇನ್ನೊಂದು ಸೆಕೆಂಡ್ ಹ್ಯಾಂಡ್: ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಸ್ಟೀಲ್ ಟೂರಿಂಗ್ ಸೈಕಲ್, ರಿಮ್ ಹಿಡಿಯುವ ವಿ-ಬ್ರೇಕ್, 700ಸಿ, 36 ಕಡ್ಡಿ, ಮುಂದೆ ಪೆಡಲ್ ಹತ್ತಿರ ಮೂರು ಚೈನ್‌ರಿಂಗ್ (ಹಲ್ಲಿನ ಚಕ್ರ). ಫ್ರೆಂಡ್ಸ್ ಎಲ್ಲ "ಸ್ಟೀಲೇ ತಗೋ, ಎಲ್ಲಿ ಬೇಕಾದರೂ ವೆಲ್ಡ್ ಮಾಡಿಸಬಹುದು" ಎನ್ನುತ್ತಾರೆ. ಇನ್ನು ಕೆಲವರು "26 ಇಂಚಿನ ವೀಲ್ ಇಲ್ಲದಿದ್ದರೆ ಮುಟ್ಟಲೇಬೇಡ" ಎನ್ನುತ್ತಾರೆ. ತಲೆ ಕೆಟ್ಟುಹೋಗಿದೆ. ನೀವಾದರೆ ಯಾವುದಕ್ಕೆ ಕೈ ಹಾಕುತ್ತಿದ್ದಿರಿ?

ಎದುರುಗಾಳಿ:
ಸ್ಟೀಲು. ಮುಗೀತು.

ಬೆಲ್_ಇಲ್ಲದವಳು:
ಏನು ಮುಗೀತು? ಕಾರಣ ಹೇಳಿ ಸ್ವಲ್ಪ.

ಎದುರುಗಾಳಿ:
ಸ್ಟೀಲ್ ಬಗ್ಗುತ್ತದೆ, ಥಟ್ಟನೆ ಮುರಿಯುವುದಿಲ್ಲ. ಬಿರುಕು ಬಿಟ್ಟರೂ ಮುಂಚೆಯೇ ಸದ್ದು ಬರುತ್ತದೆ, ಬಣ್ಣ ಸೀಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಜೊತೆಗೆ ಗುಂಡಿ ರಸ್ತೆಯಲ್ಲಿ ಸ್ಟೀಲ್ ಮೆತ್ತಗೆ ಹೋಗುತ್ತದೆ. ವೆಲ್ಡಿಂಗ್ ಮಾಡುವವರು ಎಲ್ಲ ಕಡೆ ಇದ್ದಾರೆ.

ಗ್ರೀಸ್_ಕೈ:
ಈ ವೆಲ್ಡಿಂಗ್ ಕಥೆ ಇನ್ನೂ ಎಷ್ಟು ವರ್ಷ ಓಡುತ್ತದೋ! ಒಳ್ಳೆಯ ಟೂರಿಂಗ್ ಫ್ರೇಮಿನ ಕ್ರೋಮೋಲಿ ಪೈಪ್ ದಪ್ಪ ತುದಿಯಲ್ಲಿ 0.8, 0.9 ಮಿಮೀ. ನಡುವೆ ಇನ್ನೂ ತೆಳು, 0.5, 0.6. ಗೇಟು, ಗ್ರಿಲ್ಲು ಕೂಡಿಸುವವರ ಹತ್ತಿರ ಹೋಗಿ ದಪ್ಪ ರಾಡ್ ಹಿಡಿದರೆ ತೂತು ಬೀಳುತ್ತದೆ ಅಷ್ಟೆ. ಅದಕ್ಕೆ ಟಿಗ್ (ತೆಳು ಲೋಹಕ್ಕೆ ಹೊಂದುವ ನಾಜೂಕು ವೆಲ್ಡಿಂಗ್) ಬೇಕು, ಇಲ್ಲವೇ ಹಿತ್ತಾಳೆ ಹಾಕಿ ಬ್ರೇಜಿಂಗ್ ಮಾಡುವ ಕೈ ಬೇಕು.

ಸ್ಟೀಲಿನ ನಿಜವಾದ ಉಪಯೋಗ ಬೇರೆ. ಬಸ್ಸಿನ ಮೇಲೆ ಎಸೆದಾಗ ಹಿಂದಿನ ಫೋರ್ಕ್ ಸ್ವಲ್ಪ ಒಳಗೆ ಬಂದರೆ ಎಳೆದು ಸರಿ ಮಾಡಬಹುದು. ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ನೇತಾಡುವ ಹ್ಯಾಂಗರ್ ಬಗ್ಗಿದರೆ ನೇರ ಮಾಡಬಹುದು. ಕ್ಯಾರಿಯರ್ ಕೂರಿಸುವ ಕಿವಿ ಕಿತ್ತು ಬಂದರೆ ಮತ್ತೆ ಅಂಟಿಸಬಹುದು. ಅಲ್ಯೂಮಿನಿಯಂನಲ್ಲಿ ಹ್ಯಾಂಗರ್ ಬೋಲ್ಟ್ ಬಿಚ್ಚಿ ಬದಲಿಸುವ ಥರ ಇರುತ್ತದೆ, ಒಂದು ಸ್ಪೇರ್ ಜೇಬಲ್ಲಿಟ್ಟುಕೊಂಡರೆ ಆಯಿತು. ಉಳಿದವಕ್ಕೆ ದಾರಿ ಕಷ್ಟ.

ಲೆಕ್ಕಾಚಾರಿ:
"ಮೆತ್ತಗೆ ಹೋಗುತ್ತದೆ" ಅನ್ನುವುದಕ್ಕೂ ಒಂದು ಮಾತು. ಸ್ಟೀಲಿನ ಬಿಗುವು ಅಲ್ಯೂಮಿನಿಯಂಗಿಂತ ಮೂರು ಪಟ್ಟು ಹತ್ತಿರ, ತೂಕವೂ ಮೂರು ಪಟ್ಟು ಹತ್ತಿರ. ಫ್ರೇಮ್ ಎಷ್ಟು ಗಟ್ಟಿ ಅನಿಸುತ್ತದೆ ಅನ್ನುವುದು ಪೈಪಿನ ಅಗಲದ ಮೇಲೆ ನಿಂತಿದೆ. ಅಲ್ಯೂಮಿನಿಯಂ ಪೈಪು ದಪ್ಪ ಕಾಣುವುದು ಅದಕ್ಕೇ. ಇನ್ನು ಕುಲುಕಾಟದ ವಿಷಯ. ತ್ರಿಕೋನದ ಫ್ರೇಮ್ ಮೇಲಿಂದ ಕೆಳಕ್ಕೆ ಎಷ್ಟು ಬಗ್ಗೀತು? ಮಿಲಿಮೀಟರಿನ ಲೆಕ್ಕ. 45 ಮಿಮೀ ಟಯರ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಗ್ಗುತ್ತದೆ. ಮೆತ್ತಗೆ ಬೇಕಿದ್ದರೆ ಅಗಲದ ಟಯರ್ ಹಾಕಿ, ಗಾಳಿ ಕಮ್ಮಿ ಹೊಡೆಯಿರಿ.

ಎದುರುಗಾಳಿ:
ಲೆಕ್ಕ ನಿಮ್ಮದು, ಸೊಂಟ ನನ್ನದು. ನನಗೆ ಸ್ಟೀಲೇ ಮೆತ್ತಗೆ.

ಕಡ್ಡಿ_ಮೀಟುವವ:
ದೂರದಾರಿಯವರೇ, ನೀವು ಫ್ರೇಮ್ ಬಗ್ಗೆ ಕೇಳಿದಿರಿ, ಇವರೆಲ್ಲ ಫ್ರೇಮ್ ಬಗ್ಗೆ ಜಗಳ ಶುರು ಮಾಡಿದರು. ಲೋಡ್ ಹಾಕಿದ ಸೈಕಲ್ ದಾರಿಯಲ್ಲಿ ನಿಂತುಹೋಗುವುದು ಫ್ರೇಮ್ ಮುರಿದು ಅಲ್ಲ. ಹಿಂದಿನ ವೀಲಿನ ಕಡ್ಡಿ ಮುರಿದು. ಇಲ್ಲವೇ ಕ್ಯಾರಿಯರ್ ಬೋಲ್ಟ್ ಕಳಚಿ. ಹಾಗಾಗಿ ಮೊದಲು ಹಿಂದಿನ ವೀಲ್ ನೋಡಿ, ಆಮೇಲೆ ಮಿಕ್ಕಿದ್ದು.

ಸವಾರ, ಸಾಮಾನು, ಸೈಕಲ್ ಸೇರಿ ನಿಮ್ಮದು 125 ಕೆಜಿ ದಾಟುತ್ತದೆ. ಬರೀ ಹಿಂದೆ ಬ್ಯಾಗ್ ಹಾಕಿದರೆ ಅದರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಿಂದಿನ ವೀಲಿನ ಮೇಲೆ. ಆ ವೀಲಿನ ಕಷ್ಟ ಏನೆಂದರೆ ಅದು ಸಮ ಇಲ್ಲ. ಬಲಗಡೆ ಗೇರು ಕೂರಬೇಕಲ್ಲ, ಹಾಗಾಗಿ ಹಬ್ಬಿನ (ಅಂದರೆ ವೀಲಿನ ನಡುಭಾಗದ) ಬಲಗಡೆಯ ತಟ್ಟೆ ಒಳಗೆ ಸರಿದಿರುತ್ತದೆ. ರಿಮ್ ಮಧ್ಯಕ್ಕೆ ಬರಬೇಕಾದರೆ ಬಲಗಡೆ ಕಡ್ಡಿ ತುಂಬಾ ಬಿಗಿಯಾಗಿರಬೇಕು, ಎಡಗಡೆ ಸಡಿಲ. ಬಲಗಡೆ 110ರಿಂದ 120 ಕೆಜಿ ಎಳೆತ ಇದ್ದರೆ ಎಡಗಡೆ ಅದರ ಅರವತ್ತು ಪರ್ಸೆಂಟ್ ಆಸುಪಾಸು. ಮಷಿನ್ ಕಟ್ಟಿದ ಎಷ್ಟೋ ವೀಲುಗಳಲ್ಲಿ ಬಲಗಡೆಯೇ 80 ಇರುತ್ತದೆ. ಹಾಗಿದ್ದರೆ ಎಡಗಡೆ ಎಷ್ಟು ಉಳಿಯಿತು, ನೀವೇ ನೋಡಿ.

ಕಡ್ಡಿ ಮುರಿಯುವುದು ಬಿಗಿ ಜಾಸ್ತಿ ಆಗಿ ಅಲ್ಲ, ಸಡಿಲ ಇದ್ದು. ವೀಲ್ ತಿರುಗುವಾಗ ಕೆಳಗೆ ಬಂದ ಕಡ್ಡಿ ಸ್ವಲ್ಪ ಸಡಿಲಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯುತ್ತದೆ. ಮೊದಲೇ ಸಡಿಲ ಇದ್ದರೆ ಹಬ್ಬಿನ ಹತ್ತಿರ ಬಾಗಿದ ಜಾಗದಲ್ಲಿ ಅದು ಅಲ್ಲಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ, ನಿಧಾನಕ್ಕೆ.

ಲೆಕ್ಕಾಚಾರಿ:
ಎಷ್ಟು ನಿಧಾನ ಅಂತ ಹೇಳುತ್ತೇನೆ. 700ಸಿ ವೀಲಿಗೆ 40 ಮಿಮೀ ಟಯರ್ ಹಾಕಿದರೆ ಒಂದು ಸುತ್ತಿಗೆ 2.2 ಮೀಟರ್ ಹತ್ತಿರ. ಕಿಲೋಮೀಟರಿಗೆ 455 ಸುತ್ತು. ಸಾವಿರ ಕಿಲೋಮೀಟರಿಗೆ ಒಂದೊಂದು ಕಡ್ಡಿಯೂ ನಾಲ್ಕೂವರೆ ಲಕ್ಷ ಸಲ ಸಡಿಲಾಗಿ ಬಿಗಿಯುತ್ತದೆ. ಅದಕ್ಕೇ ಹೊಸ ಸೈಕಲ್ ಆರು ತಿಂಗಳು ಏನೂ ಆಗದೆ ಓಡಿ, ಆಮೇಲೆ ವಾರಕ್ಕೊಂದು ಕಡ್ಡಿ ಹೋಗುವುದು.

ಬೆಲ್_ಇಲ್ಲದವಳು:
ಅಯ್ಯೋ, ಇದು ನನ್ನದೇ ಕಥೆ! ಹೊಸ ಸೈಕಲ್, ಹೆಸರಿರುವ ಕಂಪನಿಯದು, ಹೆಸರು ಬೇಡ ಬಿಡಿ. ಮೊದಲ ಲಾಂಗ್ ರೈಡಿನಲ್ಲಿ ಒಂದು ಕಡ್ಡಿ "ಟಣ್" ಎಂದಿತು. ಹಾಕಿಸಿದೆ. ಎರಡು ದಿನಕ್ಕೆ ಅದರ ಪಕ್ಕದ್ದು. ಅದನ್ನೂ ಹಾಕಿಸಿದೆ. ಆಮೇಲೆ ಎದುರಿಗಿದ್ದದ್ದು. ಪ್ರತಿ ಸಲವೂ ಮೆಕ್ಯಾನಿಕ್ "ಲೋಡ್ ಜಾಸ್ತಿ ಮೇಡಂ" ಎನ್ನುವುದು, ಒಂದು ಕಡ್ಡಿ ತುರುಕಿ ಬೆಂಡ್ ತೆಗೆದು ಕಳಿಸುವುದು. ಕೊನೆಗೆ ಬೇರೊಬ್ಬರು ವೀಲ್ ಕೈಗೆ ತೆಗೆದುಕೊಂಡವರೇ ಎರಡೆರಡು ಕಡ್ಡಿ ಜೋಡಿಸಿ ಹಿಸುಕಿ ನೋಡಿದರು. ಎಡಗಡೆಯವು ಬೆರಳಲ್ಲೇ ಬಾಗುತ್ತಿದ್ದವು. ಎಲ್ಲ ಕಡ್ಡಿ ತೆಗೆದು, ಅದೇ ಹಬ್ಬು ಅದೇ ರಿಮ್ಮಿಗೆ ಹೊಸ ಕಡ್ಡಿ ಕಟ್ಟಿಕೊಟ್ಟರು. ಅದೇ ಲೋಡು, ಅದೇ ರಸ್ತೆ. ಇವತ್ತಿಗೂ ಓಡುತ್ತಿದೆ.

ಕಡ್ಡಿ_ಮೀಟುವವ:
ಸರಿಯಾದ ಕೆಲಸ ಮಾಡಿದ್ದಾರೆ. ಎರಡು ಮೂರು ಕಡ್ಡಿ ಹೋದ ಮೇಲೆ ಉಳಿದವೂ ಅಷ್ಟೇ ಸವೆದಿರುತ್ತವೆ. ಒಂದೊಂದೇ ಬದಲಿಸುವುದು ಸುಮ್ನೆ ದಂಡ.

ಏರುದಾರಿ:
ದಪ್ಪ ಕಡ್ಡಿ ಹಾಕಿಸಿದರೆ ಆಯಿತಲ್ಲ? 2.3 ಮಿಮೀ ಸಿಗುತ್ತದೆ. ಇದಕ್ಕೆಲ್ಲ ಇಷ್ಟು ಪುರಾಣ ಯಾಕೆ?

ಕಡ್ಡಿ_ಮೀಟುವವ:
ಇಲ್ಲ ಸರ್. ಉದ್ದಕ್ಕೂ ದಪ್ಪ ಇರುವ ಕಡ್ಡಿ ಬಗ್ಗುವುದೇ ಇಲ್ಲ, ಹಿಗ್ಗುವುದೂ ಕಮ್ಮಿ. ಗುಂಡಿಗೆ ಬಿದ್ದಾಗ ಪೂರ್ತಿ ಹೊಡೆತ ಬಾಗಿದ ಜಾಗಕ್ಕೂ ರಿಮ್ ತೂತಿಗೂ ಹೋಗುತ್ತದೆ. ತುದಿಯಲ್ಲಿ 2.0, ನಡುವೆ 1.8 ಇರುವ ಬಟೆಡ್ ಕಡ್ಡಿ ಹಾಕಿದರೆ ನಡುಭಾಗ ಸ್ವಲ್ಪ ಹಿಗ್ಗುತ್ತದೆ, ಪಕ್ಕದ ಕಡ್ಡಿಗಳೂ ಹೊರೆ ಹಂಚಿಕೊಳ್ಳುತ್ತವೆ. ತೆಳುವಾದದ್ದೇ ಜಾಸ್ತಿ ಬಾಳುತ್ತದೆ. ದಪ್ಪ ಬೇಕೇ ಬೇಕು ಅನ್ನುವವರಿಗೆ ಮೂರು ದಪ್ಪದ ಕಡ್ಡಿ ಇದೆ: ಹಬ್ಬಿನ ಕಡೆ 2.34, ನಡುವೆ 1.8, ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿ ಮಾಡುವ ನಟ್ಟು) ಕಡೆ 2.0. ಡಿಟಿ ಸ್ವಿಸ್ ಕಂಪನಿಯ ಆಲ್ಪೈನ್ 3 ಇದೇ ಥರದ್ದು. ಭಾರದ ಹಿಂದಿನ ವೀಲಿಗೆ ನನಗೆ ಅದೇ ಇಷ್ಟ. ನಿಪ್ಪಲ್ ಮಾತ್ರ ಹಿತ್ತಾಳೆಯದೇ ಇರಲಿ. ಬಣ್ಣದ ಅಲ್ಯೂಮಿನಿಯಂ ನಿಪ್ಪಲ್ ಮಳೆ, ಧೂಳು ತಿಂದು ಕಚ್ಚಿಕೊಂಡರೆ ಕೀ ಹಾಕಿದ ತಕ್ಷಣ ಮೂಲೆ ಸವೆಯುತ್ತದೆ.

ಏರುದಾರಿ:
ಸರಿ ಬಿಡಿ. ಆದರೆ ದಪ್ಪದ್ದು ನೋಡಿದರೇ ಧೈರ್ಯ ಬರುತ್ತದೆ, ಅದಂತೂ ನಿಜ.

ದೂರದಾರಿ:
ತುಂಬಾ ಉಪಯೋಗ ಆಯಿತು. ಹಾಗಾದರೆ 32ಕ್ಕಿಂತ 36 ಕಡ್ಡಿ ಮೇಲು ಅಂತಲಾ? ಮತ್ತು 26 ಇಂಚು?

ಲೆಕ್ಕಾಚಾರಿ:
26 ಇಂಚಿನ ರಿಮ್ಮಿನಲ್ಲಿ ಟಯರ್ ಕೂರುವ ಜಾಗದ ವ್ಯಾಸ 559 ಮಿಮೀ. 700ಸಿಯದು 622. ನಡುವೆ ಬರುವ 27.5 ಇಂಚಿನದು 584. 29 ಇಂಚು ಎಂದು ಮಾರುವುದು ಅದೇ 622, ಹೆಸರು ಮಾತ್ರ ಬೇರೆ.

622 ರಿಮ್ಮಿನ ಸುತ್ತಳತೆ 1954 ಮಿಮೀ. 36 ಕಡ್ಡಿ ಹಾಕಿದರೆ ಕಡ್ಡಿಯಿಂದ ಕಡ್ಡಿಗೆ 54 ಮಿಮೀ. 559 ರಿಮ್ಮಿಗೆ 32 ಕಡ್ಡಿ ಹಾಕಿದರೆ 55 ಮಿಮೀ. ಅಂದರೆ 26 ಇಂಚಿಗೆ 32 ಹಾಕುವುದೂ 700ಸಿಗೆ 36 ಹಾಕುವುದೂ ಹೆಚ್ಚುಕಡಿಮೆ ಒಂದೇ. 700ಸಿಗೆ 32 ಹಾಕಿದರೆ 61. ನಿಮ್ಮ ತೂಕಕ್ಕೆ 36 ಇದ್ದರೆ ನೆಮ್ಮದಿ.

ಹಳೇ_ಫ್ರೇಮು:
ನಾನು 26 ಇಂಚಿನವನು. ಒಂದು ಕಾಲದಲ್ಲಿ ಭೂಮಿಯ ಯಾವ ಮೂಲೆಗೆ ಹೋದರೂ ಮೌಂಟನ್ ಬೈಕಿನ ಈ ಟಯರ್ ಸಿಗುತ್ತಿತ್ತು. ಈಗ ಹೊಸ ಮೌಂಟನ್ ಬೈಕ್ ಎಲ್ಲ 27.5, 29 ಆಗಿವೆ. 26ರಲ್ಲಿ ಟಯರ್ ಸಿಗುತ್ತದೆ, ಆದರೆ ಒಳ್ಳೆಯ ಟಯರಿನ ಆಯ್ಕೆ ವರ್ಷದಿಂದ ವರ್ಷಕ್ಕೆ ಕಮ್ಮಿ. ಒಳ್ಳೆಯ ರಿಮ್ ಅಂತೂ ಹುಡುಕಬೇಕು. ಹೊಸದಾಗಿ ಶುರು ಮಾಡುವವರಿಗೆ 26 ಕಡ್ಡಾಯ ಎನ್ನುವುದು ಹತ್ತು ವರ್ಷ ಹಿಂದಿನ ಮಾತು. ಕುಳ್ಳಗಿರುವವರಿಗೆ ಮಾತ್ರ ಇವತ್ತಿಗೂ ಲಾಭ. ಚಿಕ್ಕ ಫ್ರೇಮಿಗೆ 700ಸಿ ಹಾಕಿದರೆ ತಿರುಗಿಸುವಾಗ ಕಾಲ್ಬೆರಳು ಮುಂದಿನ ಟಯರಿಗೆ ತಾಗುತ್ತದೆ. ಸರ್ಲಿ ಕಂಪನಿಯವರು ಲಾಂಗ್ ಹಾಲ್ ಟ್ರಕ್ಕರ್ ಎಂಬ ಟೂರಿಂಗ್ ಸೈಕಲಿನ ಚಿಕ್ಕ ಸೈಜ್‌ಗಳನ್ನು 26ರಲ್ಲೇ ಮಾಡುತ್ತಿದ್ದರು.

ಹಿಂದಿನ_ಬೆಂಚು:
ಟಾಮಸ್ ಸ್ಟೀವನ್ಸ್ ಅನ್ನುವವರು 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 1886ರಲ್ಲಿ ಯೊಕೊಹಾಮ ತಲುಪಿದರು. ಮುಂದೆ 50 ಇಂಚಿನ ಚಕ್ರ, ಹಿಂದೆ ಪುಟ್ಟದು, ಗೇರ್ ಇಲ್ಲ. ಗಾಳಿ ತುಂಬುವ ಡನ್‌ಲಪ್ ಟಯರ್ ಬಂದದ್ದೇ 1888ರಲ್ಲಿ. ಅಂದರೆ ಗಟ್ಟಿ ರಬ್ಬರ್ ಮೇಲೆ ಇಡೀ ಪ್ರಯಾಣ. ಇಲ್ಲಿ ನಾವು 32ಓ 36ಓ ಅಂತ ಕೂತಿದ್ದೇವೆ 😄

ಬೆಲ್_ಇಲ್ಲದವಳು:
ಅವರ ಲಗೇಜ್ ಎಷ್ಟಿತ್ತು ಅದನ್ನೂ ಹೇಳಿ. ಸಾಕ್ಸು, ಒಂದು ಸ್ಪೇರ್ ಅಂಗಿ, ಒಂದು ರೇನ್‌ಕೋಟು, ಒಂದು ಪಿಸ್ತೂಲು. ರೇನ್‌ಕೋಟೇ ಟೆಂಟು, ರೇನ್‌ಕೋಟೇ ಹಾಸಿಗೆ. ದೂರದಾರಿಯವರ 25 ಕೆಜಿ ಎಲ್ಲಿ, ಅದೆಲ್ಲಿ.

ಹಳೇ_ಫ್ರೇಮು:
ಜರ್ಮನಿಯ ಹೈಂಟ್ಸ್ ಸ್ಟ್ಯುಕೆ 1962ರಲ್ಲಿ ಮನೆ ಬಿಟ್ಟವರು ಐವತ್ತು ವರ್ಷ ಸುತ್ತಿದರು, ಅದರಲ್ಲಿ ಬಹುಪಾಲು ಮೂರು ಗೇರಿನ ಸೈಕಲಲ್ಲಿ. ಅವರು ಲಗೇಜ್ ಭರ್ತಿ ಹೊರುತ್ತಿದ್ದರು. ಎಲ್ಲಕ್ಕೂ ಒಂದು ಉದಾಹರಣೆ ಸಿಗುತ್ತದೆ.

ಏರುದಾರಿ:
ಮೂರು ಗೇರ್ ಅಂದಿರಲ್ಲ, ಈಗ ಗೇರಿಗೆ ಬನ್ನಿ. ಇದನ್ನು ಯಾರೂ ಎತ್ತಲಿಲ್ಲ. ದೂರದಾರಿ, ಆ ಹೊಸ ಸೈಕಲಿನ ಗೇರ್ ಏನು? ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು?

ದೂರದಾರಿ:
ಹೊಸದರಲ್ಲಿ ಮುಂದೆ 46/30, ಹಿಂದೆ 11-34. ಹಳೆಯದರಲ್ಲಿ ಮುಂದೆ 48/36/26, ಹಿಂದೆ ಅದೇ 11-34.

ಏರುದಾರಿ:
ಹಾಗಾದರೆ ಹಳೆಯದೇ ವಾಸಿ. ಮುಂದೆ 30 ಹಲ್ಲು, ಹಿಂದೆ 34 ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 1.9 ಮೀಟರ್ ಹೋಗುತ್ತದೆ. 26ಕ್ಕೆ 34 ಅಂದರೆ 1.7ಕ್ಕಿಂತ ಸ್ವಲ್ಪ ಕಮ್ಮಿ. ನೋಡಲು ಸಣ್ಣ ವ್ಯತ್ಯಾಸ. 25 ಕೆಜಿ ಹೊತ್ತು ಎಂಟು ಪರ್ಸೆಂಟ್ ಏರಿನಲ್ಲಿ ಎರಡನೇ ಗಂಟೆ ತುಳಿಯುವಾಗ ಮಂಡಿಗೆ ಗೊತ್ತಾಗುತ್ತದೆ. ಇನ್ನೂ ಏರು ಇದ್ದರೆ ಮೌಂಟನ್ ಬೈಕಿನ 44/32/22 ಕ್ರ್ಯಾಂಕ್ ಹಾಕಿ. 22ಕ್ಕೆ 34 ಆದರೆ 1.4 ಮೀಟರ್. ಇಳಿಜಾರಿನಲ್ಲಿ ದೊಡ್ಡ ಗೇರ್ ಸಾಲದು ಎಂದು ಹೆದರಬೇಡಿ. ಲೋಡ್ ಇರುವ ಸೈಕಲ್ ಇಳಿಜಾರಿನಲ್ಲಿ ತಾನೇ ಓಡುತ್ತದೆ, ನೀವು ಬ್ರೇಕ್ ಹಿಡಿದು ಕೂರುತ್ತೀರಿ.

ಎದುರುಗಾಳಿ:
ಬ್ರೇಕ್ ಎಂದ ಕೂಡಲೇ ಡಿಸ್ಕ್‌ನವರು ಬರುತ್ತಾರೆ ನೋಡಿ ಈಗ.

ಗ್ರೀಸ್_ಕೈ:
ಬಂದೆ 🙂 ಉದ್ದನೆಯ ಇಳಿಜಾರಿನಲ್ಲಿ ರಿಮ್ ಬ್ರೇಕ್ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ. ಭಾರ ಜಾಸ್ತಿ ಇದ್ದರೆ ಟ್ಯೂಬ್ ಸಿಡಿಯುವುದೂ ಉಂಟು. ಮಳೆಯಲ್ಲಿ ಮರಳು, ಕೆಸರು ಬ್ರೇಕ್ ಶೂಗೆ ಮೆತ್ತಿಕೊಂಡು ರಿಮ್ಮಿನ ಗೋಡೆಯನ್ನೇ ಉಜ್ಜುತ್ತದೆ. ಡಿಸ್ಕ್‌ನಲ್ಲಿ ರಿಮ್ ಸವೆಯುವ ಪ್ರಶ್ನೆಯೇ ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಇನ್ನೊಂದು. ಒಂದು ಕಡ್ಡಿ ಹೋಗಿ ವೀಲ್ ಬೆಂಡ್ ಆದರೆ ವಿ-ಬ್ರೇಕ್ ಶೂ ರಿಮ್ಮಿಗೆ ತಾಗುತ್ತದೆ, ಬ್ರೇಕ್ ಬಿಚ್ಚಿಟ್ಟು ಹೋಗಬೇಕು. ಡಿಸ್ಕ್‌ಗೆ ಅದು ಲೆಕ್ಕಕ್ಕೇ ಇಲ್ಲ, ಫ್ರೇಮಿಗೆ ತಾಗದಿದ್ದರೆ ಸಾಕು.

ತೊಂದರೆಯೂ ಇದೆ. ಸಾಗಿಸುವಾಗ ರೋಟರ್ (ಬ್ರೇಕಿನ ತಟ್ಟೆ) ಬಗ್ಗುತ್ತದೆ, ಅದನ್ನು ಹಿಡಿಯುವ ಕ್ಯಾಲಿಪರ್ ಕ್ಯಾರಿಯರಿಗೆ ಅಡ್ಡ ಬರುತ್ತದೆ, ಮುಂದಿನ ವೀಲಿಗೂ ಹಿಂದಿನದರಂತೆ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಬರುತ್ತದೆ. ದೂರ ಹೋಗುವವರಿಗೆ ಕೇಬಲ್‌ನಿಂದ ಎಳೆಯುವ ಡಿಸ್ಕ್ ಸಾಕು. ಕೇಬಲ್ ಎಲ್ಲಾದರೂ ಸಿಗುತ್ತದೆ. ಹೈಡ್ರಾಲಿಕ್ ಪೈಪ್ ಸೋರಿದರೆ ಎಣ್ಣೆ ತುಂಬಿ ಗಾಳಿ ತೆಗೆಯುವ ಸಾಮಾನು ದಾರಿಯಲ್ಲಿ ಹುಡುಕಬೇಕು.

ಹಳೇ_ಫ್ರೇಮು:
ನನ್ನ ಹೈಡ್ರಾಲಿಕ್ ಇದುವರೆಗೆ ಒಂದು ಹನಿ ಸೋರಿಲ್ಲ. ಕೇಬಲ್ ಮಾತ್ರ ಎಷ್ಟು ಹಾಕಿಸಿದ್ದೇನೋ. ಎಲ್ಲರೂ ಹೆದರಿಸುವಷ್ಟೇನೂ ಇಲ್ಲ.

ಹಿಂದಿನ_ಬೆಂಚು:
ಒಂದು ಡೌಟು. ಮೇಲೆ "ಕೆಳಗೆ ಬಂದ ಕಡ್ಡಿ ಸಡಿಲಾಗುತ್ತದೆ" ಎಂದರಲ್ಲ. ನಾನು ಓದಿದ್ದು, ಹಬ್ಬು ಮೇಲಿನ ಕಡ್ಡಿಗಳಿಂದ ನೇತಾಡುತ್ತದೆ ಅಂತ. ಯಾವುದು ಸರಿ?

ಲೆಕ್ಕಾಚಾರಿ:
ಅಳೆದು ನೋಡಿದರೆ, ಭಾರ ಬಿದ್ದಾಗ ನೆಲದ ಹತ್ತಿರ ಇರುವ ಕೆಲವೇ ಕಡ್ಡಿಗಳ ಎಳೆತ ಇಳಿಯುತ್ತದೆ. ಮೇಲಿನವು ಬಹುತೇಕ ಹಾಗೇ ಇರುತ್ತವೆ. ನೇತಾಡುವುದಾಗಿದ್ದರೆ ಮೇಲಿನವುಗಳ ಎಳೆತ ಏರಬೇಕಿತ್ತು, ಅಲ್ವಾ?

ಎದುರುಗಾಳಿ:
ಕಡ್ಡಿ ಎಂದರೆ ತೆಳು ತಂತಿ. ತಂತಿ ಮೇಲೆ ಯಾರಾದರೂ ನಿಲ್ಲಲು ಆಗುತ್ತದೆಯೇ? ಎಳೆಯಲು ಮಾತ್ರ ಆಗುತ್ತದೆ. ಅಂದ ಮೇಲೆ ನೇತಾಡಲೇಬೇಕು.

ಲೆಕ್ಕಾಚಾರಿ:
ಮೊದಲೇ ಎಳೆದು ಕಟ್ಟಿದ ತಂತಿ. ಎಳೆತ ಕಮ್ಮಿ ಆಗುವುದೇ ತಳ್ಳಿದ ಲೆಕ್ಕ. ಆ ಎಳೆತ ಪೂರ್ತಿ ಸೊನ್ನೆ ಆದ ದಿನ ನಿಮ್ಮ ಮಾತು ನಿಜ. ಅವತ್ತು ವೀಲೂ ಹೋಯಿತು.

ಎದುರುಗಾಳಿ:
ಇದನ್ನು ನಾನು ಒಪ್ಪುವುದಿಲ್ಲ.

ಕಡ್ಡಿ_ಮೀಟುವವ:
ಈ ಜಗಳ ಶುರುವಾದರೆ ನಾಳೆ ಬೆಳಗ್ಗೆವರೆಗೂ ನಡೆಯುತ್ತದೆ. ಸವಾರನಿಗೆ ಬೇಕಾದದ್ದು ಇಷ್ಟು: ಎಳೆತ ಸೊನ್ನೆಗೆ ಇಳಿಯಬಾರದು. ಇಳಿದರೆ ನಿಪ್ಪಲ್ ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ, ರಿಮ್ ಅಡ್ಡಕ್ಕೆ ಓಲಾಡುತ್ತದೆ.

ದೂರದಾರಿಯವರೇ, ಸೈಕಲ್ ನೋಡಲು ಹೋದಾಗ ಮನೆಯಿಂದ ಏನೂ ಒಯ್ಯಬೇಡಿ, ಬೆರಳು ಸಾಕು. ಹಿಂದಿನ ವೀಲ್ ಎತ್ತಿ ಹಿಡಿದು ಬಲಗಡೆಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಸ್ವರ ಹೆಚ್ಚುಕಡಿಮೆ ಒಂದೇ ಇರಬೇಕು. ಆಮೇಲೆ ಎಡಗಡೆ. ಅದರ ಸ್ವರ ತಗ್ಗಿರುತ್ತದೆ, ಇರಲಿ. ಆದರೆ ಆ ಕಡೆಯವೂ ಒಂದೇ ಸ್ವರದಲ್ಲಿರಬೇಕು. ನಡುವೆ ಯಾವುದಾದರೂ "ಡಬ್" ಎಂದರೆ ಅದು ಸಡಿಲ. ಬ್ರೇಕ್ ಶೂ ಹತ್ತಿರ ಕಣ್ಣಿಟ್ಟು ತಿರುಗಿಸಿದಾಗ ವೀಲ್ ನೇರ ಕಂಡರೂ ಮೋಸ ಹೋಗಬೇಡಿ. ಒಂದು ಕಡ್ಡಿ ಅತಿ ಬಿಗಿ, ಪಕ್ಕದ್ದು ಅತಿ ಸಡಿಲ ಇಟ್ಟು ಕೂಡ ರಿಮ್ ನೇರ ನಿಲ್ಲಿಸಬಹುದು. ಅಂಥ ವೀಲ್ ಬೆಂಡ್ ಇಲ್ಲದೆ ಹೊರಡುತ್ತದೆ, ದೂರ ಬಾರದು.

ಆಮೇಲೆ ರಿಮ್ ತೂತುಗಳ ಸುತ್ತ ನೋಡಿ, ಕೂದಲೆಳೆಯ ಬಿರುಕು ಇದ್ದರೆ ಆ ರಿಮ್ ಮುಗಿಯಿತು. ಬ್ರೇಕ್ ಉಜ್ಜುವ ಗೋಡೆಗೆ ಸ್ಕೇಲ್ ಅಡ್ಡ ಇಡಿ. ನಡುವೆ ಬೆಳಕು ಕಂಡರೆ ಗೋಡೆ ಒಳಗೆ ಸವೆದಿದೆ. ಕೆಲವು ರಿಮ್‌ಗಳಲ್ಲಿ ಸುತ್ತಲೂ ಒಂದು ಗೆರೆ ಕೊರೆದಿರುತ್ತಾರೆ, ಅದು ಅಳಿಸಿಹೋಗಿದ್ದರೆ ಬದಲಿಸುವ ಹೊತ್ತು ಬಂದಿದೆ ಎಂದರ್ಥ.

ಗ್ರೀಸ್_ಕೈ:
ಹಬ್ಬೂ ನೋಡಿ. ಆಕ್ಸಲ್ ಬೆರಳಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಇದ್ದರೆ ಕೋನ್ (ಬೇರಿಂಗಿನ ಬಾಲ್ಸ್ ಉರುಳುವ ಭಾಗ) ಹೋಗಿದೆ. ಶಿಮಾನೋ ಹಬ್‌ಗಳಲ್ಲಿ ಕಪ್, ಕೋನ್, ಬಿಡಿ ಬಾಲ್ಸ್. ಎರಡು ತೆಳು ಸ್ಪ್ಯಾನರ್, ಸ್ವಲ್ಪ ಗ್ರೀಸ್ ಇದ್ದರೆ ರಸ್ತೆ ಬದಿಯಲ್ಲೇ ಬಿಚ್ಚಿ ತೊಳೆದು ಹಾಕಬಹುದು. ಕಪ್ ಸವೆದರೆ ಮಾತ್ರ ಇಡೀ ಹಬ್ಬೇ ಬಿಸಾಡಬೇಕು. ಸೀಲ್ಡ್ ಬೇರಿಂಗ್ ಹಬ್ಬಿನಲ್ಲಿ ಬೇರಿಂಗ್ ಹೊಡೆದು ತೆಗೆದು ಹೊಸದು ಕೂರಿಸಿದರೆ ಹೊಸ ಹಬ್. ಆದರೆ ಕೂರಿಸುವ ಸಲಕರಣೆ ಬೇಕು. ಎರಡೂ ಒಳ್ಳೆಯವೇ.

ಹಿಂದಿನ ಫೋರ್ಕ್ ಅಗಲ 135 ಮಿಮೀ ಇದೆಯೇ ಅಳೆಯಿರಿ. ಹಳೆಯ ರೋಡ್ ಸೈಕಲ್‌ಗಳ 130ಕ್ಕಿಂತ ಇದರಲ್ಲಿ ಎಡಬಲದ ವ್ಯತ್ಯಾಸ ಸ್ವಲ್ಪ ಕಮ್ಮಿ, ವೀಲ್ ಗಟ್ಟಿ.

ಹಳೇ_ಫ್ರೇಮು:
ಎಡಬಲದ ತಕರಾರೇ ಬೇಡ ಅಂದರೆ ರೋಲೋಫ್ ಕಂಪನಿಯ ಗೇರ್ ಹಬ್. 1998ರಿಂದ ಮಾಡುತ್ತಿದ್ದಾರೆ. ಒಳಗೇ 14 ಗೇರು, 526 ಪರ್ಸೆಂಟ್ ರೇಂಜು, ಎರಡೂ ಕಡೆ ತಟ್ಟೆ ಸಮ. 5000 ಕಿಲೋಮೀಟರಿಗೆ ಇಲ್ಲವೇ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದರೆ ಸಾಕು.

ಏರುದಾರಿ:
ಒಳಗೆ ಏನಾದರೂ ಕೆಟ್ಟರೆ ದಾರಿಯಲ್ಲಿ ಬಿಚ್ಚುವ ಹಾಗಿಲ್ಲ, ತಯಾರಿಸಿದವರಿಗೇ ಕಳಿಸಬೇಕು. ಡಿರೇಲರ್ ಮುರಿದರೆ ಚೈನ್ ಕತ್ತರಿಸಿ ಒಂದೇ ಗೇರಲ್ಲಾದರೂ ಊರು ಸೇರಬಹುದು.

ಹಳೇ_ಫ್ರೇಮು:
ಕೆಟ್ಟರೆ, ಕೆಟ್ಟರೆ ಅಂತ ಹೆದರಿ ಹೊರಡದೇ ಇದ್ದವರೇ ಜಾಸ್ತಿ.

ಬೆಲ್_ಇಲ್ಲದವಳು:
ಕ್ಯಾರಿಯರ್ ಮಾತು ಅರ್ಧಕ್ಕೆ ನಿಂತಿತು. ಟ್ಯೂಬಸ್ ಕಂಪನಿಯ ಥರದ ಸ್ಟೀಲ್ ಕ್ಯಾರಿಯರ್ ಹಿಂದೆ 40 ಕೆಜಿವರೆಗೆ ತಡೆಯುತ್ತದೆ ಎನ್ನುತ್ತಾರೆ. ಆದರೆ ಅದನ್ನು ಹಿಡಿದಿರುವುದು ನಾಲ್ಕು ಎಂ5 (5 ಮಿಮೀ) ಬೋಲ್ಟ್. ಕುಲುಕಾಟಕ್ಕೆ ಸಡಿಲಾದ ಬೋಲ್ಟ್ ಅಲ್ಲಾಡಿ ಅಲ್ಲಾಡಿ ಕತ್ತರಿಸಿ ಹೋಗುತ್ತದೆ. ತುಂಡು ಫ್ರೇಮಿನ ಕಿವಿಯಲ್ಲೇ ಉಳಿದರೆ ಇನ್ನೂ ಪೇಚಾಟ. ಲಾಕ್‌ಟೈಟ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿ ಮಾಡಿ. ದಿನಾ ಬೆಳಗ್ಗೆ ಹೊರಡುವ ಮುಂಚೆ ಅಲೆನ್ ಕೀ ಒಂದು ಸಲ ತಾಗಿಸಿ. ಸ್ಪೇರ್ ಬೋಲ್ಟ್ ಬಾಟಲ್ ಸ್ಟ್ಯಾಂಡಿನ ಖಾಲಿ ತೂತಿಗೇ ಹಾಕಿಟ್ಟರೆ ಕಳೆಯುವುದಿಲ್ಲ.

ಇನ್ನೊಂದು: ಬ್ಯಾಗ್ ಸಮೇತ ತುಳಿದು ನೋಡಿ. ಹಿಂದಿನ ಚೈನ್‌ಸ್ಟೇ (ಪೆಡಲ್ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಪೈಪ್) 450 ಮಿಮೀ ಹತ್ತಿರ ಇದ್ದರೆ ಪರವಾಗಿಲ್ಲ. 430 ಇದ್ದರೆ ಹಿಮ್ಮಡಿ ಪ್ರತಿ ಸುತ್ತಿಗೂ ಬ್ಯಾಗಿಗೆ ಒದೆಯುತ್ತದೆ, ನನ್ನ ಹಾಗೆ ಪಾದ ದೊಡ್ಡದಿದ್ದರೆ ಕೇಳಲೇಬೇಡಿ.

ಏರುದಾರಿ:
ಭಾರ ಎಲ್ಲ ಹಿಂದೆ ಹಾಕಬೇಡಿ. ಮುಂದೆ ಕೆಳಮಟ್ಟದ ಕ್ಯಾರಿಯರ್ ಹಾಕಿ ಏಳೆಂಟು ಕೆಜಿ ಅಲ್ಲಿಗೆ ಕಳಿಸಿ. ಹಿಂದಿನ ವೀಲಿಗೂ ಉಸಿರು, ಇಳಿಜಾರಿನಲ್ಲಿ ಹ್ಯಾಂಡಲ್ ಗಡಗಡ ನಡುಗುವುದೂ ತಪ್ಪುತ್ತದೆ. ನಡುಗಲು ಶುರುವಾದರೆ ಮಂಡಿಯಿಂದ ಮೇಲಿನ ಪೈಪ್ ಒತ್ತಿ ಹಿಡಿದು ಮೆಲ್ಲಗೆ ಬ್ರೇಕ್ ಹಾಕಿ.

ದೂರದಾರಿ:
ಹಳೆಯ ಸೈಕಲ್ ನೋಡಿ ಬಂದೆ. ಹಿಂದಿನ ಫೋರ್ಕ್ 135, ಚೈನ್‌ಸ್ಟೇ 455. ಎರಡೂ ಹಬ್ ನುಣ್ಣಗೆ ತಿರುಗುತ್ತವೆ, ಶಿಮಾನೋ ಡಿಯೋರ್ ಎಕ್ಸ್‌ಟಿ. ಫ್ರೇಮಿನಲ್ಲಿ ಬಿರುಕು ಕಾಣಲಿಲ್ಲ, ಹಬ್ಬಿನ ಹತ್ತಿರ ಸ್ವಲ್ಪ ತುಕ್ಕು. ರಿಮ್ ಮಾತ್ರ ಸ್ಕೇಲ್ ಇಟ್ಟರೆ ಎರಡೂ ಕಡೆ ಚೆನ್ನಾಗಿಯೇ ಬೆಳಕು ಬರುತ್ತದೆ. ಹಿಂದಿನ ವೀಲಿನ ಕಡ್ಡಿಗಳಲ್ಲಿ ಮೂರು ಬೇರೆ ಬಣ್ಣದವು, ಅಂದರೆ ನಡುವೆ ಬದಲಿಸಿದ್ದಾರೆ. ಮಾರುವವರು "ವೀಲ್ ಸೂಪರ್, ಬೆಂಡೇ ಇಲ್ಲ" ಎಂದರು 😀 ಹಬ್ ಉಳಿಸಿಕೊಂಡು ಎರಡೂ ವೀಲ್ ಹೊಸ ರಿಮ್, ಹೊಸ ಕಡ್ಡಿ ಹಾಕಿ ಕಟ್ಟಿಸಿದರೆ ಹೇಗೆ?

ಕಡ್ಡಿ_ಮೀಟುವವ:
ಅದೇ ಮಾಡಿ. ರಿಮ್ಮಿನ ಒಳ ಅಗಲ 19ರಿಂದ 23 ಮಿಮೀ ಇರಲಿ, 40ರಿಂದ 45ರ ಟಯರ್ ಚೆನ್ನಾಗಿ ಕೂರುತ್ತದೆ. ಅದಕ್ಕೂ ಮುಂಚೆ ಮಡ್‌ಗಾರ್ಡ್ ಹಾಕಿದ ಮೇಲೆ ಆ ಫ್ರೇಮಿಗೆ ಎಷ್ಟು ಅಗಲದ ಟಯರ್ ಹಿಡಿಸುತ್ತದೆ ನೋಡಿ. 36 ತೂತು, ಮೂರು ಕ್ರಾಸ್ (ಪ್ರತಿ ಕಡ್ಡಿ ಬೇರೆ ಮೂರು ಕಡ್ಡಿಗಳನ್ನು ದಾಟುವ ಕಟ್ಟು).

ಕಡ್ಡಿಯ ಉದ್ದವನ್ನು ರಿಮ್ ಕೈಗೆ ಬಂದ ಮೇಲೆ ಅಳೆದೇ ತೀರ್ಮಾನಿಸಿ, ಪಟ್ಟಿ ನೋಡಿ ಅಲ್ಲ. ಹಿಂದಿನ ವೀಲಿಗೆ ಬಲಗಡೆಯ ಕಡ್ಡಿ ಎಡಗಡೆಗಿಂತ ಎರಡು ಮಿಲಿಮೀಟರಿನಷ್ಟು ಗಿಡ್ಡ ಇರುವುದು ಮಾಮೂಲು. ಹಳೆಯ ಹಬ್ ಆದ್ದರಿಂದ ತಟ್ಟೆಯ ತೂತುಗಳ ಪಕ್ಕ ಹಳೆಯ ಕಡ್ಡಿ ಒತ್ತಿದ ಗುರುತು ಇರುತ್ತದೆ. ಹೊಸ ಕಡ್ಡಿಯೂ ಅದೇ ಗುರುತಿನ ದಿಕ್ಕಿಗೇ ಹೋಗಬೇಕು. ತಿರುಗಿಸಿ ಕಟ್ಟಿದರೆ ಅದೇ ಜಾಗಕ್ಕೆ ಇನ್ನೊಂದು ಗಾಯವಾಗಿ ತಟ್ಟೆ ಸೀಳುವ ಸಾಧ್ಯತೆ ಇದೆ.

ಕಟ್ಟುವಾಗ ಎದುರಿಗೆ ಕೂತು ನೋಡಿ. ಒಳ್ಳೆಯವರು ಬಿಗಿ ಮಾಡುತ್ತಾ ನಡುನಡುವೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಜೋರಾಗಿ ಹಿಸುಕುತ್ತಾರೆ. ಬಾಗಿದ ಜಾಗ ತಟ್ಟೆಗೆ ಸರಿಯಾಗಿ ಕೂರಲಿ ಅಂತ. ಹಿಸುಕಿದ ಮೇಲೆ ವೀಲ್ ಸ್ವಲ್ಪ ಬೆಂಡ್ ಆಗುತ್ತದೆ, ಮತ್ತೆ ಸರಿ ಮಾಡುತ್ತಾರೆ, ಮತ್ತೆ ಹಿಸುಕುತ್ತಾರೆ. ಹಿಸುಕದೆ ಕೊಟ್ಟರೆ ಆ ಕೆಲಸ ನಿಮ್ಮ ಮೊದಲ ಸವಾರಿಯಲ್ಲಿ ಆಗುತ್ತದೆ. ಹೊರಟ ಕೂಡಲೇ ಟಿಣ್ ಟಿಣ್ ಎಂದರೆ ತಿರುಚಿದ್ದ ಕಡ್ಡಿ ಬಿಚ್ಚಿಕೊಳ್ಳುತ್ತಿದೆ ಎಂದರ್ಥ.

ಗ್ರೀಸ್_ಕೈ:
ಎರಡೂ ಉದ್ದದ ನಾಲ್ಕು ನಾಲ್ಕು ಸ್ಪೇರ್ ಕಡ್ಡಿ ಚೈನ್‌ಸ್ಟೇಗೆ ಟೇಪ್ ಸುತ್ತಿಡಿ. ಬಲಗಡೆ ಕಡ್ಡಿ ಹಾಕಬೇಕಾದರೆ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಬಿಚ್ಚಲೇಬೇಕು, ಅಂಗೈಯಲ್ಲಿ ಹಿಡಿಸುವ ಟೂಲ್ ಸಿಗುತ್ತದೆ. ಅದೂ ಬೇಡ ಅಂದರೆ ದಾರದ ತುರ್ತು ಕಡ್ಡಿ ಇದೆ, ಕ್ಯಾಸೆಟ್ ಬಿಚ್ಚದೆ ತೂರಿಸಿ ಎಳೆದು ಕಟ್ಟಬಹುದು. ಮುಂದಿನ ಊರಿನವರೆಗೆ ಸಾಕು.

ಹಿಂದಿನ_ಬೆಂಚು:
ಟಯರ್ ಯಾವುದು ಅಂತ ಯಾರಾದರೂ ಹೇಳಿ, ನನಗೂ ಬೇಕು.

ಹಳೇ_ಫ್ರೇಮು:
ಶ್ವಾಲ್ಬೆ ಮ್ಯಾರಥಾನ್ ಪ್ಲಸ್. ಒಳಗೆ 5 ಮಿಮೀ ರಬ್ಬರ್ ಪಟ್ಟಿ ಇದೆ, ಮುಳ್ಳು ಸುಲಭಕ್ಕೆ ಇಳಿಯಲ್ಲ.

ಬೆಲ್_ಇಲ್ಲದವಳು:
ತುಳಿಯಲೂ ಸುಲಭ ಇಲ್ಲ. ಕೂರಿಸುವಾಗ ಹೆಬ್ಬೆರಳು ಕಿತ್ತು ಬರುತ್ತದೆ. ಜಲ್ಲಿ ರಸ್ತೆ ಇದ್ದರೆ ಮ್ಯಾರಥಾನ್ ಮೊಂಡಿಯಲ್ ವಾಸಿ.

ಹಳೇ_ಫ್ರೇಮು:
ಪಂಚರ್ ಹಾಕುವಾಗ ನೆನಪಾಗುತ್ತದೆ ಯಾವುದು ಸುಲಭ ಅಂತ.

ಎದುರುಗಾಳಿ:
ನೋಡಿದಿರಾ, ಕೊನೆಗೆ ಸ್ಟೀಲೇ ಆಯಿತು. ಮೊದಲೇ ಹೇಳಿದ್ದೆ.

ಲೆಕ್ಕಾಚಾರಿ:
ಅವರು ತೆಗೆದುಕೊಂಡಿದ್ದು 135ರ ಹಬ್ಬು, 36 ಕಡ್ಡಿ, 26 ಹಲ್ಲಿನ ಚೈನ್‌ರಿಂಗ್, 455ರ ಚೈನ್‌ಸ್ಟೇ. ಅದರ ಜೊತೆ ಸ್ಟೀಲ್ ಬಂತು.

ಬೆಲ್_ಇಲ್ಲದವಳು:
ಎಲ್ಲ ಕೇಳಿದಿರಿ, ಕಡ್ಡಿ ಎಣಿಸಿದಿರಿ, ಹಲ್ಲು ಎಣಿಸಿದಿರಿ. ದೂರದಾರಿಯವರೇ, ಆ ಫ್ರೇಮ್ ನಿಮ್ಮ ಸೈಜಿನದಾ?

ದೂರದಾರಿ:
ಸ್ವಲ್ಪ ದೊಡ್ಡದು. ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ಭಾಗ) ಹಾಕಿದರೆ ಸರಿಹೋಗುತ್ತದೆ ಎಂದರು.

ಗ್ರೀಸ್_ಕೈ:
ಯಾರು ಎಂದರು? ಮಾರುವವರಾ?

ಏರುದಾರಿ:
ಸ್ವಲ್ಪ ಅಂದರೆ ಎಷ್ಟು? ಕಾಲು ಎರಡೂ ಕಡೆ ಇಳಿಬಿಟ್ಟು ನಿಂತಾಗ ಮೇಲಿನ ಪೈಪಿಗೂ ನಿಮಗೂ ಎರಡು ಬೆರಳಾದರೂ ಜಾಗ ಇದೆಯೇ? ನೀವು ಈಗ ಓಡಿಸುವ ಸೈಕಲಿನ ಮೇಲಿನ ಪೈಪಿನ ಉದ್ದ, ಇದರ ಉದ್ದ, ಎರಡೂ ಅಳೆದು ಇಲ್ಲಿ ಹಾಕಿ. ದುಡ್ಡು ಇನ್ನೂ ಕೊಟ್ಟಿಲ್ಲ ತಾನೇ?